ಆಫೀಸ್ ಅಪ್‌ಗ್ರೇಡ್ ಆದ ಮೇಲೆ ಎದುರು ಬಂದು ನಿಲ್ಲುವ ಸ್ಕ್ರೀನ್‌ಗಳು: ಯಾವುದನ್ನು ಎಲ್ಲಿ ಆಫ್ ಮಾಡಬೇಕು

2025ರ ಅಕ್ಟೋಬರ್ 14ಕ್ಕೆ ಆಫೀಸ್ 2016 ಮತ್ತು 2019 ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 10ಕ್ಕೂ ಅದೇ ದಿನ ಕೊನೆ. ಹಾಗಾಗಿ ಹಳೆಯದರಲ್ಲೇ ಆರಾಮಾಗಿದ್ದ ಎಷ್ಟೋ ಜನ ಈಗ ಆಫೀಸ್ 2024ಕ್ಕೋ 365ಕ್ಕೋ ಹೋಗಿದ್ದಾರೆ. ವರ್ಷವರ್ಷ ದುಡ್ಡು ಕಟ್ಟೋದು ಯಾಕೆ ಅಂದವರು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಹಾಕಿಕೊಂಡಿದ್ದಾರೆ. ಯಾವುದಕ್ಕೇ ಹೋದರೂ ಮೊದಲ ವಾರದ ದೂರು ಮಾತ್ರ ಒಂದೇ. ವರ್ಡ್ ಓಪನ್ ಮಾಡಿದರೆ ಖಾಲಿ ಹಾಳೆ ಬರುವುದಿಲ್ಲ, ಬೇರೇನೋ ಬರುತ್ತದೆ.

ಆ ‘ಬೇರೇನೋ’ ಯಾವುದು ಅಂತ ಗುರುತಿಸುವುದೇ ಅರ್ಧ ಕೆಲಸ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ‘ವರ್ಡ್ ಓಪನ್ ಮಾಡಿದರೆ ಏನೋ ಬರುತ್ತೆ’ ಅಂತ ಫೋನ್ ಮಾಡಿದರೆ ಯಾರೂ ಸಹಾಯ ಮಾಡಲಾರರು, ಯಾಕೆಂದರೆ ಹಾಗೆ ಬರುವ ಸ್ಕ್ರೀನ್‌ಗಳು ಏಳೆಂಟು ಬಗೆಯವು, ಒಂದೊಂದನ್ನು ಆಫ್ ಮಾಡುವ ಜಾಗ ಒಂದೊಂದು ಕಡೆ. ಒಂದೆರಡನ್ನು ಆಫ್ ಮಾಡಲೇಬಾರದು. ಆದ್ದರಿಂದ ಮೊದಲು ಒಂದು ನಿಮಿಷ ಸುಮ್ನೆ ನೋಡಿ. ಟೆಂಪ್ಲೇಟ್‌ಗಳ ಚಿತ್ರಗಳು ಸಾಲಾಗಿ ಕಾಣುತ್ತಿವೆಯಾ? ಲಾಗಿನ್ ಆಗಿ ಅಂತ ಕೇಳುತ್ತಿದೆಯಾ? ‘ಕಾನ್ಫಿಗರ್ ಆಗುತ್ತಿದೆ, ಕಾಯಿರಿ’ ಅಂತ ಪಟ್ಟಿ ಓಡುತ್ತಿದೆಯಾ? ಯಾರದೋ ಹಳೆಯ ಎಕ್ಸೆಲ್ ಫೈಲ್ ತಾನಾಗಿ ತೆರೆದುಕೊಳ್ಳುತ್ತಿದೆಯಾ? ಮೇಲಿರುವ ಇಂಗ್ಲಿಷ್ ಸಾಲನ್ನು ಓದದೆ ಕ್ಲೋಸ್ ಒತ್ತಬೇಡಿ. ಬೇಕಾದರೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ.

ಟೆಂಪ್ಲೇಟ್‌ಗಳ ಸ್ಟಾರ್ಟ್ ಸ್ಕ್ರೀನ್

ಎಲ್ಲರಿಗೂ ಸಿಗುವುದು ಇದೇ. ಎಡಗಡೆ ‘ಹೋಮ್’, ‘ನ್ಯೂ’, ‘ಓಪನ್’. ಬಲಗಡೆ ಮೇಲೆ ಖಾಲಿ ಡಾಕ್ಯುಮೆಂಟ್‌ನ ಚಿತ್ರ, ಅದರ ಪಕ್ಕ ರೆಸ್ಯೂಮೆ, ಬ್ರೋಷರ್, ಕ್ಯಾಲೆಂಡರ್ ಮುಂತಾದ ಟೆಂಪ್ಲೇಟ್‌ಗಳು, ಕೆಳಗೆ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ. ಆಫೀಸ್ 2013ರಲ್ಲಿ ಇದು ಶುರುವಾಯಿತು, ಆಮೇಲೆ ಬಂದ ಎಲ್ಲದರಲ್ಲೂ ಇದೆ. 2007 ಅಥವಾ 2010ರಿಂದ ನೇರವಾಗಿ ಹೊಸದಕ್ಕೆ ಬಂದವರಿಗೆ ಇದು ಪೂರ್ತಿ ಹೊಸದು. 2016ರಿಂದ ಬಂದವರಿಗೂ ಹೊಸದಾಗಿ ಕಾಣಬಹುದು. ಹಳೆ ಕಂಪ್ಯೂಟರ್‌ನಲ್ಲಿ ಯಾರೋ ಪುಣ್ಯಾತ್ಮರು ಆಫ್ ಮಾಡಿಟ್ಟಿರುತ್ತಾರೆ, ಅದು ನಿಮಗೆ ಗೊತ್ತೇ ಇರುವುದಿಲ್ಲ, ಹೊಸ ಕಂಪ್ಯೂಟರ್ ತಂದ ಕೂಡಲೇ ಮತ್ತೆ ಹಾಜರ್.

ಒಂದು ಪೆನ್ ಕೊಡಿ ಅಂದರೆ ಅಂಗಡಿಯವನು ಇಡೀ ಕ್ಯಾಟಲಾಗ್ ಬಿಚ್ಚಿ ಮುಂದಿಟ್ಟ ಹಾಗೆ ಇದು. ತೆಗೆಯುವುದು ಸುಲಭ, ಅರ್ಧ ನಿಮಿಷದ ಕೆಲಸ.

1. ವರ್ಡ್ ತೆರೆಯಿರಿ. ಆ ಸ್ಕ್ರೀನ್ ಬಂದಾಗ ಎಸ್ಕೇಪ್ ಕೀ ಒತ್ತಿ. ಖಾಲಿ ಹಾಳೆ ಬರುತ್ತದೆ. (ಏನನ್ನೂ ಬದಲಾಯಿಸಲು ಮನಸ್ಸಿಲ್ಲದಿದ್ದರೆ ಇಷ್ಟನ್ನೇ ನೆನಪಿಟ್ಟುಕೊಂಡರೂ ಸಾಕು.)
2. ಮೇಲೆ ಎಡ ಮೂಲೆಯ ‘ಫೈಲ್’ ಒತ್ತಿ. ಎಡ ಪಟ್ಟಿಯ ಕೊನೆಯಲ್ಲಿ ‘ಆಪ್ಷನ್ಸ್’ ಇರುತ್ತದೆ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಅದು ಕಾಣದೆ ‘ಮೋರ್’ ಅಂತ ಇದ್ದರೆ ಅದನ್ನು ಒತ್ತಿ, ಒಳಗೆ ಸಿಗುತ್ತದೆ.
3. ತೆರೆದ ಕಿಟಕಿಯಲ್ಲಿ ‘ಜನರಲ್’ ಮೊದಲೇ ಆಯ್ಕೆ ಆಗಿರುತ್ತದೆ. ಅದರಲ್ಲಿ ಕೆಳಗೆ ಬಂದರೆ ‘ಸ್ಟಾರ್ಟ್ ಅಪ್ ಆಪ್ಷನ್ಸ್’ ಅನ್ನುವ ಭಾಗ.
4. ಅಲ್ಲಿ ‘ಶೋ ದ ಸ್ಟಾರ್ಟ್ ಸ್ಕ್ರೀನ್ ವೆನ್ ದಿಸ್ ಅಪ್ಲಿಕೇಶನ್ ಸ್ಟಾರ್ಟ್ಸ್’ ಅನ್ನುವ ಸಾಲಿನ ಮುಂದಿರುವ ಟಿಕ್ ತೆಗೆಯಿರಿ. ಓಕೆ ಕೊಡಿ.

ವರ್ಡ್ ಮುಚ್ಚಿ ಮತ್ತೆ ತೆರೆದು ನೋಡಿ. ನೇರ ಖಾಲಿ ಹಾಳೆ.

ಆ ಸಾಲಿನಲ್ಲಿ ‘ದಿಸ್ ಅಪ್ಲಿಕೇಶನ್’ ಅಂತ ಇದೆ ನೋಡಿ, ಅದನ್ನು ಗಮನಿಸಬೇಕು. ವರ್ಡ್‌ನಲ್ಲಿ ಟಿಕ್ ತೆಗೆದರೆ ವರ್ಡ್‌ಗೆ ಮಾತ್ರ ಅನ್ವಯ. ಎಕ್ಸೆಲ್‌ನಲ್ಲಿ, ಪವರ್‌ಪಾಯಿಂಟ್‌ನಲ್ಲಿ ಇದೇ ಕೆಲಸ ಬೇರೆಬೇರೆಯಾಗಿ ಮಾಡಬೇಕು. ‘ನಿನ್ನೆ ತೆಗೆದಿದ್ದೆ, ಇವತ್ತು ಮತ್ತೆ ಬಂತು’ ಅನ್ನುವವರಲ್ಲಿ ಜಾಸ್ತಿ ಜನ ವರ್ಡ್‌ನಲ್ಲಿ ತೆಗೆದು ಎಕ್ಸೆಲ್‌ನಲ್ಲಿ ನೋಡಿದವರೇ. ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರಿಗೆ ಬೇರೆಬೇರೆ ಲಾಗಿನ್ ಇದ್ದರೆ ಇಬ್ಬರೂ ಮಾಡಿಕೊಳ್ಳಬೇಕು.

ಮ್ಯಾಕ್ ಬಳಸುವವರಿಗೆ: ಮೇಲಿನ ಮೆನುವಿನಲ್ಲಿ ‘ವರ್ಡ್’ ಹೆಸರಿನ ಮೇಲೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಹಳೆಯದರಲ್ಲಿ ಅದನ್ನೇ ‘ಪ್ರಿಫರೆನ್ಸಸ್’ ಅನ್ನುತ್ತಾರೆ. ‘ಜನರಲ್’ ಒಳಗೆ ‘ಗ್ಯಾಲರಿ’ ಅನ್ನುವ ಪದ ಇರುವ ಸಾಲಿನ ಟಿಕ್ ತೆಗೆಯಿರಿ. ಎಕ್ಸೆಲ್, ಪವರ್‌ಪಾಯಿಂಟ್‌ನಲ್ಲೂ ಹಾಗೆಯೇ.

ತೆಗೆದರೆ ಏನು ಕಳೆದುಕೊಳ್ಳುತ್ತೀರಿ? ನಿಜ ಹೇಳಬೇಕೆಂದರೆ ಏನೂ ಇಲ್ಲ. ಇತ್ತೀಚಿನ ಫೈಲುಗಳು ‘ಫೈಲ್’ ಒತ್ತಿದರೆ ಸಿಗುತ್ತವೆ. ಕಂಟ್ರೋಲ್ ಮತ್ತು ಓ ಒತ್ತಿದರೂ ಸಿಗುತ್ತವೆ. ಟೆಂಪ್ಲೇಟ್‌ಗಳು ‘ಫೈಲ್’, ‘ನ್ಯೂ’ ಒಳಗೆ ಹಾಗೇ ಇರುತ್ತವೆ. ದಿನಾ ಅದೇ ನಾಲ್ಕು ಫೈಲ್ ತೆರೆಯುವವರಿಗೆ ಮಾತ್ರ ಸ್ಟಾರ್ಟ್ ಸ್ಕ್ರೀನ್ ಇರುವುದೇ ಅನುಕೂಲ ಅಂತ ನನ್ನ ಅಭಿಪ್ರಾಯ. ಅಂಥವರು ಫೈಲ್ ಹೆಸರಿನ ಪಕ್ಕದ ಪಿನ್ ಗುರುತು ಒತ್ತಿದರೆ ಅವು ‘ಪಿನ್ಡ್’ ಪಟ್ಟಿಯಲ್ಲಿ ಕೂರುತ್ತವೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯುವ ರೂಢಿ ಇರುವವರಿಗೆ ಈ ಸ್ಕ್ರೀನ್ ಬರುವುದೇ ಇಲ್ಲ, ಅವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಡಿಟಿಪಿ ಅಂಗಡಿ, ಸೈಬರ್ ಸೆಂಟರ್, ವಕೀಲರ ಕಚೇರಿಯವರು ಇದನ್ನು ತೆಗೆಯುವುದೇ ಒಳ್ಳೆಯದು. ವರ್ಡ್ ತೆರೆದ ಕೂಡಲೇ ಹಿಂದಿನ ಗಿರಾಕಿಗಳ ಫೈಲ್ ಹೆಸರುಗಳೆಲ್ಲ ಎದುರಿಗೆ ಕೂತವರಿಗೆ ಕಾಣುತ್ತವೆ. ಯಾರದೋ ಕ್ರಯಪತ್ರ, ಯಾರದೋ ವಿಚ್ಛೇದನದ ಅರ್ಜಿ. ಬರೀ ಸ್ಟಾರ್ಟ್ ಸ್ಕ್ರೀನ್ ತೆಗೆದರೆ ಸಾಲದು. ಆಪ್ಷನ್ಸ್‌ನಲ್ಲಿ ‘ಅಡ್ವಾನ್ಸ್ಡ್’ಗೆ ಹೋಗಿ, ‘ಡಿಸ್‌ಪ್ಲೇ’ ಭಾಗದವರೆಗೆ ಕೆಳಗೆ ಬನ್ನಿ, ‘ಶೋ ದಿಸ್ ನಂಬರ್ ಆಫ್ ರೀಸೆಂಟ್ ಡಾಕ್ಯುಮೆಂಟ್ಸ್’ ಎದುರಿಗಿರುವ ಅಂಕಿಯನ್ನು 0 ಮಾಡಿ. ಪಟ್ಟಿ ಖಾಲಿಯಾಗುತ್ತದೆ, ಫೈಲುಗಳಿಗೆ ಏನೂ ಆಗುವುದಿಲ್ಲ.

ಖಾಲಿ ಹಾಳೆ ಬಂತು, ಅಕ್ಷರ ಬೇರೆ

ಇಲ್ಲಿ ಒಂದು ಅಡ್ಡಮಾತು. ಸ್ಟಾರ್ಟ್ ಸ್ಕ್ರೀನ್ ತೆಗೆದು ಖಾಲಿ ಹಾಳೆಗೆ ಬಂದವರ ಮುಂದಿನ ಪ್ರಶ್ನೆ ಯಾವಾಗಲೂ ಫಾಂಟ್‌ದು. 2007ರಿಂದ ಕ್ಯಾಲಿಬ್ರಿ ಇತ್ತು, 2023ರಿಂದ 365ರಲ್ಲಿ ಆ ಜಾಗಕ್ಕೆ ಆಪ್ಟೋಸ್ ಬಂತು. ನುಡಿ, ಬರಹದಲ್ಲಿ ಕೆಲಸ ಮಾಡುವವರು ಹಳೆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟನ್ನೇ ಡೀಫಾಲ್ಟ್ ಮಾಡಿಟ್ಟುಕೊಂಡಿರುತ್ತಾರೆ, ಹೊಸ ಕಂಪ್ಯೂಟರ್‌ನಲ್ಲಿ ಅದು ಇರುವುದಿಲ್ಲ.

ಕಂಟ್ರೋಲ್ ಮತ್ತು ಡಿ ಒತ್ತಿ. ಫಾಂಟ್ ಕಿಟಕಿ ತೆರೆಯುತ್ತದೆ. ನುಡಿ, ಬರಹದ ಹಳೆ ಫಾಂಟ್‌ಗಳಾದರೆ ‘ಲ್ಯಾಟಿನ್ ಟೆಕ್ಸ್ಟ್’ ಜಾಗದಲ್ಲಿ ಹಾಕಿ, ಯೂನಿಕೋಡ್ ಫಾಂಟ್ ಆದರೆ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಜಾಗದಲ್ಲಿ ಹಾಕಿ. ಇದು ತಿರುಗಮುರುಗ ಆದರೆ ಎಷ್ಟು ಸಲ ಸೆಟ್ ಮಾಡಿದರೂ ಅಕ್ಷರ ಬದಲಾಗುವುದಿಲ್ಲ. ಕೆಳಗಿನ ‘ಸೆಟ್ ಆಸ್ ಡೀಫಾಲ್ಟ್’ ಒತ್ತಿ, ‘ನಾರ್ಮಲ್’ ಟೆಂಪ್ಲೇಟ್ ಅಂತ ಇರುವ ಎರಡನೇ ಆಯ್ಕೆ ಆರಿಸಿ. ಇನ್ನು ತೆರೆಯುವ ಪ್ರತಿ ಖಾಲಿ ಹಾಳೆಯೂ ಹಾಗೇ ಬರುತ್ತದೆ.

ಕಂಟ್ರೋಲ್ ಎಸ್ ಒತ್ತಿದರೆ ಬರುವುದು

ಇದು ತೆರೆಯುವಾಗಿನ ಸ್ಕ್ರೀನ್ ಅಲ್ಲ, ಆದರೂ ಇದರ ಮೇಲಿನ ಸಿಟ್ಟು ಅದಕ್ಕಿಂತ ಜಾಸ್ತಿ. ಮೊದಲೆಲ್ಲ ಸೇವ್ ಅಂದರೆ ಫೋಲ್ಡರ್‌ಗಳ ಕಿಟಕಿ ಬರುತ್ತಿತ್ತು. ಈಗ ಇಡೀ ಪರದೆ ತುಂಬ ಇನ್ನೊಂದು ಪುಟ, ಇಲ್ಲವೇ ಒನ್‌ಡ್ರೈವ್‌ಗೆ (ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್‌ನ ಜಾಗ) ಹಾಕು ಅನ್ನುವ ಪುಟ್ಟ ಕಿಟಕಿ. ಎರಡು ಟಿಕ್‌ಗಳಲ್ಲಿ ಇದು ಸರಿಹೋಗುತ್ತದೆ. ‘ಫೈಲ್’, ‘ಆಪ್ಷನ್ಸ್’, ‘ಸೇವ್’. ಅಲ್ಲಿ ‘ಡೋಂಟ್ ಶೋ ದ ಬ್ಯಾಕ್‌ಸ್ಟೇಜ್’ ಅಂತ ಶುರುವಾಗುವ ಸಾಲಿಗೆ ಟಿಕ್ ಹಾಕಿ. ಇಲ್ಲಿ ತೆಗೆಯುವುದಲ್ಲ, ಹಾಕುವುದು. ಅದರ ಹತ್ತಿರವೇ ‘ಸೇವ್ ಟು ಕಂಪ್ಯೂಟರ್ ಬೈ ಡೀಫಾಲ್ಟ್’ ಇದೆ, ಅದಕ್ಕೂ ಟಿಕ್ ಹಾಕಿ. 

ಇದೆಲ್ಲ ಬೇಡ ಅಂದರೆ ಎಫ್12 ಒತ್ತಿ. ಹಳೆಯ ‘ಸೇವ್ ಆ್ಯಸ್’ ಕಿಟಕಿ ನೇರ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಜೊತೆ ಒತ್ತಬೇಕಾಗುತ್ತದೆ.

ಒಂದೇ ಕಡೆ ಎಲ್ಲಕ್ಕೂ ಆಫ್ ಮಾಡುವುದು

ಹತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಮೂರು ಮೂರು ಪ್ರೋಗ್ರಾಮ್ ತೆರೆದು ಟಿಕ್ ತೆಗೆಯುತ್ತ ಕೂರುವುದು ಬೇಜಾರಿನ ಕೆಲಸ. ರಿಜಿಸ್ಟ್ರಿಯಲ್ಲಿ ಒಂದೇ ಬದಲಾವಣೆಯಿಂದ ಆ ಲಾಗಿನ್‌ನ ಎಲ್ಲ ಆಫೀಸ್ ಪ್ರೋಗ್ರಾಮ್‌ಗಳ ಸ್ಟಾರ್ಟ್ ಸ್ಕ್ರೀನ್ ಹೋಗುತ್ತದೆ. ರಿಜಿಸ್ಟ್ರಿ ಹೆಸರು ಕೇಳಿಯೇ ಗೊತ್ತಿಲ್ಲದವರು ಈ ಭಾಗ ಬಿಟ್ಟು ಮುಂದೆ ಹೋಗಿ, ನಷ್ಟ ಏನಿಲ್ಲ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ ತೆರೆಯಿರಿ. ಮೊದಲು ‘ಫೈಲ್’, ‘ಎಕ್ಸ್‌ಪೋರ್ಟ್’ ಮಾಡಿ ಒಂದು ಬ್ಯಾಕಪ್ ಇಟ್ಟುಕೊಳ್ಳಿ. ಆಮೇಲೆ ‘ಎಚ್‌ಕೀ ಕರೆಂಟ್ ಯೂಸರ್’, ‘ಸಾಫ್ಟ್‌ವೇರ್’, ‘ಮೈಕ್ರೋಸಾಫ್ಟ್’, ‘ಆಫೀಸ್’, ‘16.0’, ‘ಕಾಮನ್’, ‘ಜನರಲ್’ ಅಂತ ಒಂದೊಂದಾಗಿ ಒಳಗೆ ಹೋಗಿ. 2016, 2019, 2021, 2024, 365 ಎಲ್ಲಕ್ಕೂ ಅಂಕಿ 16.0ನೇ. 2013ಕ್ಕೆ ಮಾತ್ರ 15.0. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 32 ಬಿಟ್‌ನ ಹೊಸ ಡಿವರ್ಡ್ ಮಾಡಿ. ಅದಕ್ಕೆ ‘ಡಿಸೇಬಲ್ ಬೂಟ್ ಟು ಆಫೀಸ್ ಸ್ಟಾರ್ಟ್’ ಅಂತ ಹೆಸರಿಡಿ. ಐದೂ ಪದ ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ ಬರೆಯಬೇಕು. ಬೆಲೆ 1 ಕೊಡಿ. ಮತ್ತೆ ಬೇಕು ಅನ್ನಿಸಿದರೆ 0 ಮಾಡಿದರಾಯಿತು.

ಡೊಮೇನ್ ನೆಟ್‌ವರ್ಕ್ ಇರುವ ದೊಡ್ಡ ಕಚೇರಿಯಾದರೆ ಐಟಿಯವರು ಇದನ್ನು ಗ್ರೂಪ್ ಪಾಲಿಸಿಯಲ್ಲೇ ಮಾಡಬಹುದು. ಆಫೀಸ್‌ನ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್‌ಗಳಲ್ಲಿ ‘ಮಿಸಲೇನಿಯಸ್’ ಅಡಿಯಲ್ಲಿ ಸ್ಟಾರ್ಟ್ ಸ್ಕ್ರೀನ್ ಆಫ್ ಮಾಡುವ ಪಾಲಿಸಿ ಇದೆ. ಮೊದಲ ಸಲ ತೆರೆದಾಗ ಬರುವ ಸ್ವಾಗತದ ಕಿಟಕಿಗಳಿಗೆ ‘ಫಸ್ಟ್ ರನ್’ ಅಂತಲೇ ಬೇರೆ ಭಾಗ ಇದೆ. ನಿಮ್ಮ ಆಪ್ಷನ್ಸ್‌ನಲ್ಲಿ ಆ ಟಿಕ್ ಬೂದು ಬಣ್ಣದಲ್ಲಿದ್ದು ಮುಟ್ಟಲು ಆಗದಿದ್ದರೆ ಐಟಿಯವರು ಪಾಲಿಸಿ ಹಾಕಿರಬಹುದು. ಅವರನ್ನೇ ಕೇಳಿ.

ಎಕ್ಸೆಲ್ ತೆರೆದರೆ ಬೇಡದ ಫೈಲ್ ಬರುತ್ತದೆ

ಇದು ಬೇರೆಯದೇ ಕಥೆ. ಸ್ಟಾರ್ಟ್ ಸ್ಕ್ರೀನ್ ಟಿಕ್ ತೆಗೆದರೂ ಇದು ಹೋಗುವುದಿಲ್ಲ. ಎಕ್ಸೆಲ್‌ಗೆ ‘ಎಕ್ಸ್‌ಎಲ್‌ಸ್ಟಾರ್ಟ್’ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಏನಿದ್ದರೂ ಎಕ್ಸೆಲ್ ತೆರೆಯುವಾಗ ತಾನಾಗಿ ತೆರೆಯುತ್ತದೆ, ಅದರ ಕೆಲಸವೇ ಅದು. ಯಾರೋ ಹಿಂದೊಮ್ಮೆ ಜಿಎಸ್‌ಟಿ ಲೆಕ್ಕದ ಶೀಟನ್ನೋ ಹಾಜರಿ ಪಟ್ಟಿಯನ್ನೋ ಅಲ್ಲಿ ಸೇವ್ ಮಾಡಿ ಮರೆತಿರುತ್ತಾರೆ. ಈ ಫೋಲ್ಡರ್ ಬಳಕೆದಾರರ ಜಾಗದಲ್ಲಿ ಇರುವುದರಿಂದ ಆಫೀಸ್ ಅಪ್‌ಗ್ರೇಡ್ ಮಾಡಿದರೂ ಅಳಿಸಿಹೋಗುವುದಿಲ್ಲ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆ್ಯಪ್‌ಡೇಟಾ ಅನ್ನುವ ಪದವನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಹಿಂದೆ ಒಂದು, ಮುಂದೆ ಒಂದು ಪರ್ಸೆಂಟ್ ಚಿಹ್ನೆ ಇರಬೇಕು, ಜಾಗ ಬಿಡಬಾರದು. ಎಂಟರ್ ಒತ್ತಿದರೆ ‘ರೋಮಿಂಗ್’ ಫೋಲ್ಡರ್ ತೆರೆಯುತ್ತದೆ. ಅಲ್ಲಿಂದ ‘ಮೈಕ್ರೋಸಾಫ್ಟ್’, ‘ಎಕ್ಸೆಲ್’, ‘ಎಕ್ಸ್‌ಎಲ್‌ಸ್ಟಾರ್ಟ್’. ಒಳಗಿರುವ ಫೈಲನ್ನು ಡಿಲೀಟ್ ಮಾಡಬೇಡಿ. ಕಟ್ ಮಾಡಿ ‘ಡಾಕ್ಯುಮೆಂಟ್ಸ್’ಗೆ ಪೇಸ್ಟ್ ಮಾಡಿ. ಯಾರಿಗೆ ಬೇಕಾಗಿದೆಯೋ ಗೊತ್ತಿಲ್ಲ ಅಲ್ವಾ?

ಅಲ್ಲಿ ‘ಪರ್ಸನಲ್’ ಹೆಸರಿನ ಫೈಲ್ ಇದ್ದರೆ ಅದನ್ನು ಜಾಗದಿಂದ ಕದಲಿಸಲೂ ಬೇಡಿ. ಅದು ಮ್ಯಾಕ್ರೋಗಳನ್ನು (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮ್‌ಗಳನ್ನು) ಇಡುವ ಫೈಲ್, ತೆಗೆದರೆ ನಿಮ್ಮ ಲೆಕ್ಕಿಗರ ಬಟನ್‌ಗಳು ಕೆಲಸ ಮಾಡುವುದಿಲ್ಲ. ಅದು ಕಣ್ಣಿಗೆ ಕಾಣುತ್ತಿರುವುದೇ ತೊಂದರೆಯಾದರೆ ಅದನ್ನು ಮುಂದೆ ಇಟ್ಟುಕೊಂಡು ‘ವ್ಯೂ’ ಟ್ಯಾಬ್‌ನಲ್ಲಿ ‘ಹೈಡ್’ ಒತ್ತಿ. ಎಕ್ಸೆಲ್ ಮುಚ್ಚುವಾಗ ಸೇವ್ ಮಾಡಲಾ ಅಂತ ಕೇಳಿದರೆ ಹೌದು ಅನ್ನಿ. ಮುಂದಿನ ಸಲದಿಂದ ಅದು ತೆರೆಮರೆಯಲ್ಲೇ ಇರುತ್ತದೆ.

ಆ ಫೋಲ್ಡರ್ ಖಾಲಿ ಇದ್ದೂ ಫೈಲ್ ಬರುತ್ತಿದ್ದರೆ, ಎಕ್ಸೆಲ್ ಆಪ್ಷನ್ಸ್‌ನ ‘ಅಡ್ವಾನ್ಸ್ಡ್’ನಲ್ಲಿ ತುಂಬಾ ಕೆಳಗೆ ‘ಜನರಲ್’ ಅನ್ನುವ ತುಂಡು ನೋಡಿ. ‘ಅಟ್ ಸ್ಟಾರ್ಟ್‌ಅಪ್, ಓಪನ್ ಆಲ್ ಫೈಲ್ಸ್ ಇನ್’ ಅಂತ ಒಂದು ಪೆಟ್ಟಿಗೆ. ಅದರಲ್ಲಿ ಯಾವುದಾದರೂ ಫೋಲ್ಡರ್‌ನ ದಾರಿ ಬರೆದಿದ್ದರೆ ಅಳಿಸಿ. ಆಫೀಸ್ ಇನ್‌ಸ್ಟಾಲ್ ಆಗಿರುವ ಫೋಲ್ಡರ್ ಒಳಗೂ ಇನ್ನೊಂದು ಎಕ್ಸ್‌ಎಲ್‌ಸ್ಟಾರ್ಟ್ ಇರುತ್ತದೆ, ಅದನ್ನೂ ಒಮ್ಮೆ ಇಣುಕಿ.

ಇದನ್ನೇ ಉಪಯೋಗಕ್ಕೂ ತಿರುಗಿಸಿಕೊಳ್ಳಬಹುದು. ನಿಮಗೆ ಬೇಕಾದ ಅಳತೆ, ಫಾಂಟ್, ಅಂಗಡಿ ಹೆಸರು ಹಾಕಿದ ಒಂದು ಶೀಟ್ ಮಾಡಿ, ‘ಬುಕ್’ ಅನ್ನುವ ಹೆಸರಿನಲ್ಲಿ ಎಕ್ಸೆಲ್ ಟೆಂಪ್ಲೇಟ್ ಆಗಿ ಅಲ್ಲಿ ಸೇವ್ ಮಾಡಿ. ಸ್ಟಾರ್ಟ್ ಸ್ಕ್ರೀನ್ ಆಫ್ ಇದ್ದರೆ ಎಕ್ಸೆಲ್ ತೆರೆದ ಕೂಡಲೇ ಆ ಮಾದರಿಯ ಹೊಸ ಶೀಟೇ ಬರುತ್ತದೆ. ಬಿಲ್ ಮಾಡುವವರಿಗೆ ಇದು ಭಾರಿ ಅನುಕೂಲ.

‘ಕಾನ್ಫಿಗರ್ ಆಗುತ್ತಿದೆ, ಕಾಯಿರಿ’

ಪ್ರತಿ ಸಲ ವರ್ಡ್ ತೆರೆದಾಗಲೂ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತ, ಎರಡು ಮೂರು ನಿಮಿಷ ತಿನ್ನುತ್ತದಾ? ಹಾಗಾದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಎರಡು ಆಫೀಸ್ ಇರುವ ಸಾಧ್ಯತೆ ಜಾಸ್ತಿ. ಹೊಸದು ಹಾಕಿದವರು ಹಳೆಯದನ್ನು ತೆಗೆದಿಲ್ಲ. ಹಳೆಯದನ್ನು ತೆರೆದಾಗ ಅದು ‘ಡಾಕ್ಯುಮೆಂಟ್‌ಗಳೆಲ್ಲ ನನ್ನವು’ ಅಂತ ತನ್ನನ್ನು ನೋಂದಾಯಿಸಿಕೊಳ್ಳುತ್ತದೆ, ಹೊಸದು ಬಂದು ಅದನ್ನು ತಿದ್ದುತ್ತದೆ, ಮತ್ತೆ ಹಳೆಯದು. ಜಗಳ ಮುಗಿಯುವುದಿಲ್ಲ.

ವಿಂಡೋಸ್ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಲ್ಲಿ ನೋಡಿ. ಎರಡು ಆಫೀಸ್ ಕಂಡರೆ, ಹಳೆಯದು ನಿಜಕ್ಕೂ ಬೇಕಾ ಅಂತ ಕೇಳಿಕೊಳ್ಳಿ. ಬೇಡವಾದರೆ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಹೊಸದನ್ನು ಆರಿಸಿ ‘ಮಾಡಿಫೈ’ ಒತ್ತಿ, ‘ಕ್ವಿಕ್ ರಿಪೇರ್’ ಮಾಡಿ. ಅದರಿಂದ ಆಗದಿದ್ದರೆ ‘ಆನ್‌ಲೈನ್ ರಿಪೇರ್’. ಅದಕ್ಕೆ ಒಳ್ಳೆಯ ಇಂಟರ್‌ನೆಟ್ ಬೇಕು, ಸಮಯವೂ ಬೇಕು, ಆಫೀಸ್ ಪೂರ್ತಿ ಮತ್ತೆ ಇಳಿದಂತೆಯೇ.

ಯಾವುದೋ ಹಳೆಯ ಮ್ಯಾಕ್ರೋಗಾಗಿ 2007 ಅಥವಾ 2010 ಇಟ್ಟುಕೊಳ್ಳಲೇಬೇಕು ಅನ್ನುವವರಿಗೆ ರಿಜಿಸ್ಟ್ರಿಯಲ್ಲಿ ಒಂದು ದಾರಿ ಇದೆ. ಮೇಲೆ ಹೇಳಿದ ‘ಆಫೀಸ್’ ತನಕ ಹೋಗಿ, 2007 ಆದರೆ 12.0, 2010 ಆದರೆ 14.0 (13 ಅಂತ ಇಲ್ಲವೇ ಇಲ್ಲ, ಹುಡುಕಬೇಡಿ), ಅದರೊಳಗೆ ‘ವರ್ಡ್’, ‘ಆಪ್ಷನ್ಸ್’. ಅಲ್ಲಿ ‘ನೋ ರೀರೆಜ್’ ಅಂತ ಇಂಗ್ಲಿಷ್‌ನಲ್ಲಿ ಸೇರಿಸಿ ಬರೆದ ಡಿವರ್ಡ್, ಬೆಲೆ 1. ಹಳೆಯದು ಮತ್ತೆ ಮತ್ತೆ ನೋಂದಾಯಿಸಿಕೊಳ್ಳುವುದನ್ನು ಇದು ನಿಲ್ಲಿಸುತ್ತದೆ. ಎಕ್ಸೆಲ್‌ಗೂ ಬೇಕಾದರೆ ‘ಎಕ್ಸೆಲ್’, ‘ಆಪ್ಷನ್ಸ್’ ಒಳಗೆ ಅದನ್ನೇ ಮಾಡಿ.

ಆ್ಯಡ್-ಇನ್‌ಗಳು ತರುವ ಕಿಟಕಿ

ಪಿಡಿಎಫ್ ಸಾಫ್ಟ್‌ವೇರ್, ಸ್ಕ್ಯಾನರ್, ವ್ಯಾಕರಣ ತಿದ್ದುವ ಸಾಫ್ಟ್‌ವೇರ್ ಇವೆಲ್ಲ ವರ್ಡ್ ಒಳಗೆ ತಮ್ಮದೊಂದು ತುಂಡನ್ನು ಸೇರಿಸುತ್ತವೆ, ಅದೇ ಆ್ಯಡ್-ಇನ್. ಹೊಸ ಆಫೀಸ್‌ಗೆ ಅದು ಹೊಂದದಿದ್ದರೆ ತೆರೆಯುವಾಗೆಲ್ಲ ಎರರ್ ಕಿಟಕಿ ಬರುತ್ತದೆ, ಇಲ್ಲವೇ ‘ಹಿಂದಿನ ಸಲ ತೊಂದರೆ ಆಗಿತ್ತು, ಸೇಫ್ ಮೋಡ್‌ನಲ್ಲಿ ತೆರೆಯಲಾ’ ಅನ್ನುವ ಪ್ರಶ್ನೆ ಬರುತ್ತದೆ.

ಪರೀಕ್ಷೆ ಹೀಗೆ. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ವರ್ಡ್ ಐಕಾನ್ ಒತ್ತಿ. ಸೇಫ್ ಮೋಡ್ (ಆ್ಯಡ್-ಇನ್‌ಗಳಿಲ್ಲದೆ ತೆರೆಯುವ ಬಗೆ) ಬೇಕಾ ಅಂತ ಕೇಳುತ್ತದೆ, ಹೌದು ಅನ್ನಿ. ಈಗ ಆ ಎರರ್ ಬರದಿದ್ದರೆ ಕಳ್ಳ ಆ್ಯಡ್-ಇನ್ ಇರುವ ಸಂಭವವೇ ಹೆಚ್ಚು. ವರ್ಡ್ ಮುಚ್ಚಿ, ಮಾಮೂಲಿಯಾಗಿ ತೆರೆದು, ‘ಆಪ್ಷನ್ಸ್’, ‘ಆ್ಯಡ್-ಇನ್ಸ್’ಗೆ ಹೋಗಿ. ಕೆಳಗೆ ‘ಮ್ಯಾನೇಜ್’ ಪಕ್ಕ ‘ಕಾಮ್ ಆ್ಯಡ್-ಇನ್ಸ್’ ಇಟ್ಟು ‘ಗೋ’ ಒತ್ತಿ. ಒಂದೇ ಸಲ ಎಲ್ಲದರ ಟಿಕ್ ತೆಗೆಯಬೇಡಿ. ಒಂದು ತೆಗೆಯಿರಿ, ಮುಚ್ಚಿ ತೆರೆದು ನೋಡಿ, ಇನ್ನೊಂದು ತೆಗೆಯಿರಿ. ತಾಳ್ಮೆ ಬೇಕು, ಆದರೆ ಯಾವುದು ಅಂತ ಖಚಿತವಾಗುತ್ತದೆ. ಆಮೇಲೆ ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಇದೆಯಾ ನೋಡಿ.

ಚಿಲ್ಲರೆ ಕಿರಿಕಿರಿಗಳು

‘ವರ್ಡ್ ಡೀಫಾಲ್ಟ್ ಪ್ರೋಗ್ರಾಮ್ ಅಲ್ಲ’ ಅಂತ ಕೇಳುತ್ತಿದ್ದರೆ ಅದರ ಟಿಕ್ ಕೂಡ ಅದೇ ‘ಸ್ಟಾರ್ಟ್ ಅಪ್ ಆಪ್ಷನ್ಸ್’ನಲ್ಲಿದೆ, ‘ಟೆಲ್ ಮಿ ಇಫ್’ ಅಂತ ಶುರುವಾಗುತ್ತದೆ. ಮೇಲ್‌ನಲ್ಲಿ ಬಂದ ಫೈಲ್ ಪುಸ್ತಕದ ಹಾಗೆ ಓದುವ ನೋಟದಲ್ಲಿ ತೆರೆದುಕೊಳ್ಳುತ್ತಿದ್ದರೆ ಅಲ್ಲೇ ‘ರೀಡಿಂಗ್ ವ್ಯೂ’ ಅಂತ ಇರುವ ಸಾಲಿನ ಟಿಕ್ ತೆಗೆಯಿರಿ. ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್ ಬೇಡವಾದರೆ 365ರ ಆಪ್ಷನ್ಸ್‌ನಲ್ಲಿ ‘ಕೋಪೈಲಟ್’ ಅನ್ನುವ ಸಾಲೇ ಇರುತ್ತದೆ, ಒಳಗೆ ‘ಎನೇಬಲ್ ಕೋಪೈಲಟ್’ ಟಿಕ್ ತೆಗೆದರೆ ಆ ಪ್ರೋಗ್ರಾಮ್‌ನಲ್ಲಿ ಅದು ಆಫ್.

ಇನ್ನು ಆಫೀಸ್ ಮೇಲೆ ಸುಮ್ಮನೆ ಅಪವಾದ ಬರುವ ಎರಡು ಸಂಗತಿ. ಅವು ವಿಂಡೋಸ್‌ದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಇಡೀ ಪರದೆಯಲ್ಲಿ ‘ನಿಮ್ಮ ಪಿಸಿ ಸೆಟಪ್ ಮುಗಿಸೋಣ’ ಅಂತ ಬಂದು, ನಡುವೆ 365 ತಗೊಳ್ಳಿ ಅನ್ನುವುದು ಆಫೀಸ್ ಅಲ್ಲ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ‘ನೋಟಿಫಿಕೇಶನ್ಸ್’, ಕೊನೆಯಲ್ಲಿ ‘ಅಡಿಷನಲ್ ಸೆಟ್ಟಿಂಗ್ಸ್’. ಅಲ್ಲಿರುವ ಟಿಕ್‌ಗಳನ್ನು ತೆಗೆಯಿರಿ. ಹಾಗೆಯೇ ಲಾಗಿನ್ ಆದ ತಕ್ಷಣ ನಿನ್ನೆಯ ಪ್ರೋಗ್ರಾಮ್‌ಗಳು ತಾವಾಗಿ ತೆರೆಯುತ್ತಿದ್ದರೆ ‘ಅಕೌಂಟ್ಸ್’, ‘ಸೈನ್-ಇನ್ ಆಪ್ಷನ್ಸ್’ ಒಳಗೆ ‘ರೀಸ್ಟಾರ್ಟಬಲ್ ಆ್ಯಪ್ಸ್’ ಅಂತ ಇರುವ ಸ್ವಿಚ್ ಆಫ್ ಮಾಡಿ.

ಲಿಬ್ರೆ ಆಫೀಸ್‌ಗೆ ಹೋದವರಿಗೆ

ಇಲ್ಲಿ ಬರುವುದು ‘ಸ್ಟಾರ್ಟ್ ಸೆಂಟರ್’. ಎಡಗಡೆ ರೈಟರ್, ಕ್ಯಾಲ್ಕ್, ಇಂಪ್ರೆಸ್ ಹೆಸರುಗಳು (ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗೆ ಬದಲಿಯಾಗಿ ಇರುವವು), ಬಲಗಡೆ ಹಳೆಯ ಫೈಲುಗಳ ಪುಟ್ಟ ಚಿತ್ರಗಳು. ಇದನ್ನು ಆಫ್ ಮಾಡುವ ಟಿಕ್ ಹುಡುಕುತ್ತ ಕೂರಬೇಡಿ, ಬೇಕಾಗಿಯೂ ಇಲ್ಲ. ಡೆಸ್ಕ್‌ಟಾಪ್‌ನಲ್ಲಿರುವ ‘ಲಿಬ್ರೆ ಆಫೀಸ್’ ಐಕಾನ್ ಒತ್ತಿದರೆ ಮಾತ್ರ ಇದು ಬರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ಲಿಬ್ರೆ ಆಫೀಸ್ ರೈಟರ್’ ಅಂತ ಬೇರೆ ಐಕಾನ್ ಇದೆ, ‘ಕ್ಯಾಲ್ಕ್’ಗೂ ಬೇರೆ ಇದೆ. ಅವನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿಕೊಂಡು ಹಳೆಯ ಐಕಾನ್ ತೆಗೆದುಬಿಡಿ, ನೇರ ಖಾಲಿ ಹಾಳೆ ಸಿಗುತ್ತದೆ. ಕೊನೆಯ ಫೈಲ್ ಮುಚ್ಚಿದಾಗ ಸ್ಟಾರ್ಟ್ ಸೆಂಟರ್ ಮತ್ತೆ ಮುಖ ತೋರಿಸಿದರೆ, ಫೈಲ್ ಮುಚ್ಚುವ ಬದಲು ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಎಲ್ಲ ಒಟ್ಟಿಗೆ ಮುಚ್ಚುತ್ತದೆ.

‘ಟಿಪ್ ಆಫ್ ದ ಡೇ’ ಅನ್ನುವ ಪುಟ್ಟ ಕಿಟಕಿ 2019ರ 6.3 ಆವೃತ್ತಿಯಿಂದ ಇದೆ. ಅದರ ಕೆಳಗೇ ಇರುವ ಟಿಕ್ ತೆಗೆದರೆ ಮುಗಿಯಿತು. ಅವಸರದಲ್ಲಿ ಮುಚ್ಚಿಬಿಟ್ಟಿದ್ದರೆ ‘ಟೂಲ್ಸ್’, ‘ಆಪ್ಷನ್ಸ್’, ‘ಲಿಬ್ರೆ ಆಫೀಸ್’, ‘ಜನರಲ್’ನಲ್ಲಿ ಅದೇ ಟಿಕ್ ಸಿಗುತ್ತದೆ. ವಿಂಡೋಸ್‌ನಲ್ಲಿ ಡೀಫಾಲ್ಟ್ ಪ್ರೋಗ್ರಾಮ್ ಬಗ್ಗೆ ಕೇಳುವ ಕಿಟಕಿಯ ಟಿಕ್ ಕೂಡ ಅಲ್ಲೇ. ಲಿಬ್ರೆ ಆಫೀಸನ್ನು ಕನ್ನಡ ಮೆನುವಿನಲ್ಲಿ ಬಳಸುವವರಿಗೆ ಹೆಸರುಗಳು ಬೇರೆ ಕಾಣುತ್ತವೆ, ಜಾಗ ಮಾತ್ರ ಅದೇ.

ಆವೃತ್ತಿ ಬದಲಾದಾಗ ಹಾಳೆಯ ಮೇಲೆ ಒಂದು ಬಣ್ಣದ ಪಟ್ಟಿ ಬಂದು, ಹೊಸತೇನಿದೆ ನೋಡಿ ಅನ್ನುತ್ತದೆ. ಬಲ ತುದಿಯ ಗುಣಿಸು ಗುರುತು ಒತ್ತಿ, ಅಷ್ಟೇ. 25.8 ಆವೃತ್ತಿಯಲ್ಲಿ ಇದರ ಜೊತೆ ಸ್ವಾಗತದ ಕಿಟಕಿಯೂ ಬಂತು, ಮೆನು ಹೇಗಿರಬೇಕು, ಬಣ್ಣ ಹೇಗಿರಬೇಕು ಅಂತ ಕೇಳುತ್ತದೆ. ಇದನ್ನು ಮಾತ್ರ ಓದದೆ ಮುಚ್ಚಬೇಡಿ ಅಂತ ನಾನು ಹೇಳುತ್ತೇನೆ. ಎಂಎಸ್ ಆಫೀಸ್‌ನಿಂದ ಬಂದವರು ಇಲ್ಲಿ ‘ಟ್ಯಾಬ್ಡ್’ ಆರಿಸಿಕೊಂಡರೆ ರಿಬ್ಬನ್ ತರಹದ ಮೆನು ಸಿಗುತ್ತದೆ, ಆಮೇಲೆ ಹುಡುಕುವ ತಾಪತ್ರಯ ತಪ್ಪುತ್ತದೆ. ದೇಣಿಗೆ ಕೊಡಿ ಅನ್ನುವ ಪಟ್ಟಿಯೂ ಆಗಾಗ ಬರುತ್ತದೆ. ಒಂದು ರೂಪಾಯಿ ಕೊಡದೆ ಬಳಸುತ್ತಿರುವ ಸಾಫ್ಟ್‌ವೇರ್, ಅಷ್ಟು ಸಹಿಸಿಕೊಳ್ಳಬಹುದು.

ಮುಟ್ಟಬಾರದವು

‘ಡಾಕ್ಯುಮೆಂಟ್ ರಿಕವರಿ’ ಅಂತ ಬಂದರೆ ಅದು ಬೇಡದ ಸ್ಕ್ರೀನ್ ಅಲ್ಲ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಾಗ ನೀವು ಸೇವ್ ಮಾಡದೆ ಬಿಟ್ಟದ್ದು ಅಲ್ಲಿರುತ್ತದೆ. ಪ್ರತಿಯೊಂದನ್ನೂ ತೆರೆದು ನೋಡಿ, ಬೇಕಾದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಆಮೇಲೆ ಉಳಿದದ್ದನ್ನು ಬಿಡಿ. ಲಿಬ್ರೆ ಆಫೀಸ್‌ನಲ್ಲಿ ಒಂದೇ ಫೈಲ್‌ನ ರಿಕವರಿ ದಿನಾ ಬರುತ್ತಿದ್ದರೆ, ಒಳಗಿರುವುದು ಬೇಡ ಅಂತ ಖಾತ್ರಿ ಮಾಡಿಕೊಂಡ ಮೇಲಷ್ಟೇ ಡಿಸ್ಕಾರ್ಡ್ ಒತ್ತಿ.

ಮೇಲೆ ಬರುವ ಹಳದಿ ‘ಪ್ರೊಟೆಕ್ಟೆಡ್ ವ್ಯೂ’ ಪಟ್ಟಿಯನ್ನೂ ಪೂರ್ತಿ ಆಫ್ ಮಾಡಬೇಡಿ. ಮೇಲ್‌ನಿಂದ, ಇಂಟರ್‌ನೆಟ್‌ನಿಂದ ಇಳಿಸಿದ ಫೈಲ್‌ನಲ್ಲಿ ಏನಿದೆಯೋ ಗೊತ್ತಿಲ್ಲ. ನಂಬಿಕೆಯವರು ಕಳಿಸಿದ್ದಾದರೆ ಆ ಒಂದು ಫೈಲ್‌ಗೆ ‘ಎನೇಬಲ್ ಎಡಿಟಿಂಗ್’ ಒತ್ತಿದರೆ ಸಾಕು.

ಕೊನೆಯದು ಆ್ಯಕ್ಟಿವೇಶನ್ ಅಥವಾ ಸೈನ್-ಇನ್ ಕೇಳುವ ಕಿಟಕಿ. ಹೊಸ ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ‘ಫೈಲ್’, ‘ಅಕೌಂಟ್’ ತೆರೆದು ಯಾವ ಆಫೀಸ್ ಹೆಸರಿದೆ ನೋಡಿ. ನೀವು ಕೊಂಡದ್ದು ‘ಹೋಮ್ ಆ್ಯಂಡ್ ಸ್ಟೂಡೆಂಟ್’ ಆಗಿದ್ದು ಅಲ್ಲಿ 365ರ ಟ್ರಯಲ್ ಕಾಣುತ್ತಿದ್ದರೆ, ಟ್ರಯಲ್ ಮುಗಿದ ದಿನದಿಂದ ಈ ಕಿಟಕಿ ಬರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಯಾವ ಮೈಕ್ರೋಸಾಫ್ಟ್ ಅಕೌಂಟ್‌ಗೆ ಆಫೀಸ್ ಜೋಡಿಸಿದ್ದಿರೋ ಅದರಲ್ಲೇ ಸೈನ್-ಇನ್ ಆಗಬೇಕು. ಅಂಗಡಿಯ ಹುಡುಗ ತನ್ನ ಮೇಲ್ ಐಡಿಯಲ್ಲೇ ಜೋಡಿಸಿಕೊಟ್ಟಿದ್ದರೆ ಬಿಲ್ ಹಿಡಿದುಕೊಂಡು ಅಲ್ಲಿಗೇ ಹೋಗಿ ಸರಿಮಾಡಿಸಿಕೊಳ್ಳಿ. ಈ ಕಿಟಕಿ ತೆಗೆಯಲು ‘ಆ್ಯಕ್ಟಿವೇಟರ್’ ಅಂತ ಸಿಗುವ ಪುಕ್ಕಟೆ ಪ್ರೋಗ್ರಾಮ್‌ಗಳನ್ನು ಮಾತ್ರ ಹಾಕಬೇಡಿ. ಅವನ್ನು ಹಾಕಲು ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ, ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ನಲ್ಲಿ ಅದನ್ನು ಯಾರಾದರೂ ಮಾಡುತ್ತಾರಾ? ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಅದು ಆ್ಯಕ್ಟಿವೇಶನ್ ಕೇಳುವುದೇ ಇಲ್ಲ.